ಹಗುರವಾದ ಮೂರು ಕಾಲು

ಅಕ್ಟೋಬರ್ ೧೨, ಭಾನುವಾರ

ಇವತ್ತೂ ಅದೇ. ಲೇಕ್‌ಶೋರ್‌ನಲ್ಲಿ ಮಂಜು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯಲಿಲ್ಲ. ಹಕ್ಕಿ ನೋಡುವ ಸ್ಕೋಪ್ ಹೂಡಿದೆ. ದೂರದಲ್ಲಿ ಒಂಟಿ ಗುಳುಮುಳುಕ. ದುಂಡಗಿನ ಬೆಳಕಿನೊಳಗೆ ನಡುಗುತ್ತಿತ್ತು. ಇರಲೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಹಾಗೆ.

ಸ್ಕೋಪ್ ಹೊರುವ ಮೂರು ಕಾಲಿನ ಟ್ರೈಪಾಡಿನ ತಪ್ಪು. ಹಗುರ ಎಂದು ತಂದದ್ದು. ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಕ್ಯಾಬಿನ್ ಬ್ಯಾಗಿನಲ್ಲಿ ಹಿಡಿಯಬೇಕು. ಗದಗಿನ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. ಈ ಸಲ ಅವುಗಳ ಕಣ್ಣು ಕಾಣುವಷ್ಟು ಹತ್ತಿರದಿಂದ ನೋಡುವ ಆಸೆ. ಮನೆಯಲ್ಲಿರುವ ಹಳೆಯ ಅಲ್ಯೂಮಿನಿಯಂ ಕಾಲು ಗಟ್ಟಿ. ಆದರೆ ವಿಮಾನಕ್ಕೆ ಆಗದು.

ಇದನ್ನು ವಾಪಸ್ ಕೊಡಬೇಕು.

ಅಕ್ಟೋಬರ್ ೧೮, ಶನಿವಾರ

ಸ್ಕಾರ್‌ಬರೋದ ಕ್ಯಾಮೆರಾ ಅಂಗಡಿ. ಕೌಂಟರಿನ ಹುಡುಗಿ ದೂರದಿಂದಲೇ ನಕ್ಕಳು. "ಅಂಕಲ್‌ಜಿ, ಫಿರ್ ಸೇ?" ಮತ್ತೆ ಬಂದಿರಾ ಎಂದು. ವಾಪಸ್ ಕೊಟ್ಟದ್ದು ಐದು ಮಡಿಕೆಯ ಕಾಲಿನದು. ಕೊನೆಯ ಮಡಿಕೆ ಜೋಳದ ದಂಟಿನಷ್ಟು ಸಪೂರ. ಈಗ ನಾಲ್ಕು ಮಡಿಕೆಯ ಕಾರ್ಬನ್ ಫೈಬರ್. ನಡುವಿನ ಕಂಬ ಎತ್ತಬೇಡಿ, ಎತ್ತಿದರೆ ಅಲುಗುತ್ತದೆ ಎಂದಳು. ಕೆಳಗೆ ಒಂದು ಕೊಕ್ಕೆ ಇದೆ, ಗಾಳಿಯಿದ್ದರೆ ಭಾರ ತೂಗುಹಾಕಿ ಎಂದಳು. ಎಲ್ಲಕ್ಕೂ ತಲೆಯಾಡಿಸಿದೆ.

ಮನೆಗೆ ಬಂದಾಗ ನೀಲಾ ಡಬ್ಬ ನೋಡಿದಳು. "ಮನ್ಯಾಗ ಇರೋರು ಇಬ್ರ. ಕಾಲು ಹತ್ತು."

"ಒಂದು ಹೊಂದಿದರೆ ಸಾಕು."

"ಲಗ್ನಕ್ಕ ಕನ್ಯಾ ನೋಡೂ ಮುಂದ ಇಷ್ಟ್ ಹುಡುಕಿದ್ರೇನ್ ನೀವು?"

"ಆಗ ವಾಪಸ್ ಕೊಡೋ ಪದ್ಧತಿ ಇರಲಿಲ್ಲ."

ನಕ್ಕಳು. ಒಳಗೆ ಹೋದಳು.

ಇಲ್ಲಿ ಬರೆದರೆ ಅಡ್ಡಿಯಿಲ್ಲ. ಬಲಗೈ ಹೆಬ್ಬೆರಳು. ಸುಮ್ಮನೆ ಕೂತಾಗ ತನ್ನಷ್ಟಕ್ಕೆ ಏನನ್ನೋ ಎಣಿಸುತ್ತಿರುತ್ತದೆ. ಫ್ಯಾಮಿಲಿ ಡಾಕ್ಟರು ನ್ಯೂರಾಲಜಿಗೆ ರೆಫರಲ್ ಕಳಿಸಿದ್ದಾರೆ. ನವೆಂಬರ್ ೨೮. ನೀಲಾಗೆ ಹೇಳಿಲ್ಲ. ಒಳ್ಳೆಯ ಟ್ರೈಪಾಡಿನಲ್ಲಿ ಹಕ್ಕಿ ನಡುಗದೆ ಕಂಡರೆ ಕೈಗೆ ಏನೂ ಆಗಿಲ್ಲ ಎಂದು ಇಟ್ಟುಕೊಂಡಿದ್ದೇನೆ. ಆಮೇಲೆ ಆ ಅಪಾಯಿಂಟ್‌ಮೆಂಟು ಬೇಕಾಗುವುದಿಲ್ಲ. ಇದು ತರ್ಕವಲ್ಲ. ಗೊತ್ತು.

ನವೆಂಬರ್ ೧, ಶನಿವಾರ

ಬೆಳಗಿನ ಜಾವದ ಕನಸು. ಮೊಣಕಾಲುದ್ದ ನೀರು. ನನಗೆ ಮೂರು ಕಾಲು. ಮೂರನೆಯದು ಹಿಂದಿನಿಂದ ಬಂದು ಮೆಲ್ಲಗೆ ಕೆಸರಿಗೆ ಊರಿತು. ಎಂಥ ನೆಮ್ಮದಿ. ಹೆಬ್ಬಾತುಗಳು ಸುತ್ತ ಮೇಯುತ್ತಿದ್ದವು, ನನ್ನನ್ನು ಒಂದು ಮರ ಎಂದುಕೊಂಡು.

ಎದ್ದ ಮೇಲೂ ಸ್ವಲ್ಪ ಹೊತ್ತು ಆ ಕಾಲು ಇತ್ತು.

ಹಿತ್ತಿಲಲ್ಲಿ ಪರೀಕ್ಷೆ. ಬೇಲಿಯಾಚೆಯ ಮೇಪಲ್ ಮೇಲೆ ಬ್ಲೂ ಜೇ. ಗಾಳಿ ಇತ್ತು. ಕೊಕ್ಕೆಗೆ ಭಾರ ಬೇಕು — ಅಡುಗೆಮನೆಯಲ್ಲಿ ಸಿಕ್ಕಿದ್ದು ಜೋಳದ ಹಿಟ್ಟಿನ ಚೀಲ. ತೂಗುಹಾಕಿದೆ. ಆದರೂ ಹಕ್ಕಿ ನಡುಗಿತು. ನೀಲಾ ಹಿಂಬಾಗಿಲಲ್ಲಿ, ಸೊಂಟದ ಮೇಲೆ ಕೈ.

"ರೊಟ್ಟಿ ಬಡೀಬೇಕಂತ ಒಲಿ ಹಚ್ಚೇನಿ. ನನ್ನ ಹಿಟ್ಟು ಇಲ್ಲಿ ಜೋಕಾಲಿ ಆಡಾಕತ್ತೈತಿ!"

"ಗಾಳಿಗೆ…"

"ಗಾಳಿಗೆ ನಿಮ್ಮನ್ನ ಕಟ್ಟಬೇಕು." ಚೀಲ ಬಿಚ್ಚಿಕೊಂಡಳು. ಹೋಗುವಾಗ ಒಮ್ಮೆ ನನ್ನ ಕೈ ನೋಡಿದಳು. ಅಥವಾ ಸ್ಕೋಪ್ ನೋಡಿದಳು. ತಿಳಿಯಲಿಲ್ಲ.

ನವೆಂಬರ್ ೮, ಶನಿವಾರ

ಜಾರ್ಜ್‌ಟೌನ್‌ನಿಂದ ಶ್ರೀಕಂಠ ಬಂದಿದ್ದರು. ಮೈಸೂರಿನವರು. ಬದುಕಿಡೀ ಸೇತುವೆಗಳು ಎಷ್ಟು ಅಲುಗಾಡಬಹುದು ಎಂದು ಲೆಕ್ಕ ಹಾಕಿ ರಿಟೈರ್ ಆದವರು. ಹಕ್ಕಿಗಳ ವಿಷಯದಲ್ಲಿ ನನ್ನ ಶಿಷ್ಯ, ಅವರೇ ಹೇಳಿಕೊಳ್ಳುವ ಹಾಗೆ. ಇಬ್ಬರೂ ಲೇಕ್‌ಶೋರ್‌ಗೆ ಹೋದೆವು. ಗಾಳಿ ಪೂರ್ತಿ ನಿಂತಿತ್ತು. ನೀರು ಸೀಸದ ತಗಡು.

ಸ್ಕೋಪಿನ ಕೊಳವೆಗೆ ಬೆರಳಿನಿಂದ ಒಂದು ಏಟು ಕೊಟ್ಟು ಕಣ್ಣಿಟ್ಟರು. "ಪರವಾಗಿಲ್ಲ ಕಣಯ್ಯ ನಿಜಗುಣ, ಒಂದ್ಸಲ ಕುಣಿದು ನಿಂತ್ಹೋಯ್ತು. ಒಳ್ಳೇ ಕಾಲು. ಆದ್ರೆ ಬಾತು ಮಸಕು. ಫೋಕಸ್ ನೀನೇ ಮಾಡು, ನಂಗೆ ಅದು ಒಲಿಯಲ್ಲ."

ಅವರು ನೋಡುತ್ತಿದ್ದ ಹಾಗೆಯೇ ನಾನು ಪಕ್ಕದಿಂದ ಕೈಚಾಚಿ ಫೋಕಸ್ಸಿನ ತಿರುವು ಹಿಡಿದೆ.

"ಆಹಾ, ಈಗ ಕಾಣ್ತಿದೆ. ಇದೇನು, ಮತ್ತೆ ಶುರುವಾಯ್ತಲ್ಲ! ಗಾಳಿನೂ ಇಲ್ಲ… ತಮಾಷೆಯಾಗಿದೆ. ಏಟು ಬಿದ್ದು ಆಡಿದ್ದಾದ್ರೆ ಅಲುಗಾಟ ತಾನಾಗೇ ಸಾಯ್ಬೇಕು. ಇದು ಸಾಯ್ತಿಲ್ಲ. ಯಾರೋ ತಳ್ತಾನೇ ಇದಾರೆ."

ಕಣ್ಣು ತೆಗೆದರು. ತಿರುವಿನ ಮೇಲೆ ನನ್ನ ಕೈ ಇತ್ತು. ನಾನೂ ನೋಡಿದೆ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

"ಟೀ ಕುಡಿಯೋಣ್ವಾ?" ಎಂದರು ಶ್ರೀಕಂಠ.

ಕುಡಿದೆವು. ನಾನು ಎಡಗೈಯಲ್ಲಿ.

ನವೆಂಬರ್ ೨೨, ಶನಿವಾರ

ಎರಡು ವಾರ ಏನೂ ಬರೆಯಲಿಲ್ಲ. ಅಂಗಡಿಗೂ ಹೋಗಲಿಲ್ಲ. ಟ್ರೈಪಾಡಿನ ಕಾಲು ಸರಿಯಾಗಿದೆ. ಹುಡುಕುವುದಕ್ಕೆ ಏನೂ ಉಳಿದಿಲ್ಲ.

ಇವತ್ತು ನೀಲಾ ತಾನಾಗಿ ಹೊರಟಳು. ಇಷ್ಟು ವರ್ಷ ಹಕ್ಕಿ ನೋಡಲು ಬಾ ಎಂದರೆ, ಹಕ್ಕಿ ಮನೆಗೆ ಬಂದರೆ ನೋಡುತ್ತೇನೆ ಎನ್ನುತ್ತಿದ್ದವಳು. ಆರ್ಕ್‌ಟಿಕ್ಕಿನಿಂದ ಉದ್ದಬಾಲದ ಬಾತುಗಳು ಬಂದಿದ್ದವು. ಮಂಜಿನೊಳಗಿಂದ ಅವುಗಳ ಕೂಗು ಮೊದಲು ಬಂತು, ದೂರದ ಊರಿನಲ್ಲಿ ಜನ ಹರಟುವಂತೆ. ಸ್ಕೋಪ್ ಹೊಂದಿಸಿ ಪಕ್ಕಕ್ಕೆ ಸರಿದೆ.

"ಅಯ್ಯ, ಎಷ್ಟ್ ಛಂದ. ಫೋಟೋ ಇದ್ದಾಂಗ ಕುಂತಾವ. ಎಲ್ಲಿ ಅಲಗಾಡಾಕತ್ತೈತ್ರಿ ಇದು?"

ನನ್ನ ಸರದಿ. ಕೈ ತಿರುವಿಗೆ ಹೋಯಿತು. ಇಡೀ ಸರೋವರ ಸಣ್ಣಗೆ ನಡುಗತೊಡಗಿತು.

"ಕೈ ತಗೀರಿ."

"ಫೋಕಸ್…"

"ಕಿಸೇದಾಗ ಇಟಗೋರಿ. ನಾ ತಿರಗಸ್ತೀನಿ. ಎತ್ತಾಗ? ಎಡಕ್ಕೋ, ಬಲಕ್ಕೋ?"

"ಎಡಕ್ಕೆ… ಇನ್ನೂ ಸ್ವಲ್ಪ… ಜಾಸ್ತಿ ಆಯ್ತು… ಹಾಂ."

ನಿಂತಿತು. ಬಿಳಿ ಕೆನ್ನೆ, ಕಂದು ಮಚ್ಚೆ, ಬೆನ್ನ ಮೇಲೊಂದು ನೀರಿನ ಹನಿ. ಹನಿಯೂ ನಿಂತಿತ್ತು. ಎಷ್ಟು ಹೊತ್ತು ನೋಡಿದೆನೋ.

"ನಿಮ್ಮ ಕೈಯಾಗಿನ ಚಹಾದ ಕಪ್ಪು-ಬಶಿ ಬ್ಯಾಸಿಗಿಯಿಂದ ಸಪ್ಪಳ ಮಾಡಾಕತ್ತೈತಿ," ಎಂದಳು, ತಿರುವಿನಿಂದ ಕೈ ತೆಗೆಯದೆ. "ನನಗ ಕಿವಿ ಇಲ್ಲನ್ರಿ? ಡಾಕ್ಟರ್ ಕಡೆ ಯಾವಾಗ?"

"ಇಪ್ಪತ್ತೆಂಟಕ್ಕೆ."

"ನನಗ ಹೇಳಾಕ ಯಾವಾಗ ಅಪಾಯಿಂಟ್‌ಮೆಂಟು ಇತ್ತು?"

ಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಬಾತು ಮುಳುಗಿತು. ಖಾಲಿ ನೀರು, ಸ್ಪಷ್ಟವಾಗಿ.

ಹೊರಡುವಾಗ ಅವಳ ಕಣ್ಣು ಕೆಂಪಗಿತ್ತು. ಗಾಳಿ ಇರಲಿಲ್ಲ.

ನವೆಂಬರ್ ೨೮, ಶುಕ್ರವಾರ. ಬೆಳಿಗ್ಗೆ

ಮೊದಲ ಹಿಮ, ನೆಲಕ್ಕೆ ಹತ್ತುವಷ್ಟಿಲ್ಲ. ನೀಲಾ ಕಾರು ಬಿಸಿಮಾಡುತ್ತಿದ್ದಾಳೆ. ತಾನೇ ಓಡಿಸುತ್ತಾಳಂತೆ. ವೇಟಿಂಗ್ ರೂಮಿನಲ್ಲಿ ಕೂತಿರುತ್ತೇನೆ, ಒಳಗೆ ನೀವೇ ಹೋಗಿ ಬನ್ನಿ ಎಂದಳು, ನಿನ್ನೆ. ನನಗೆ ಅದೇ ಇಷ್ಟ ಎಂದು ಅವಳಿಗೆ ಗೊತ್ತು. ಇಷ್ಟವೇ.

ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಯಾವಾಗಿನಿಂದ. ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬೇಸಿಗೆಯೋ, ಅದಕ್ಕೂ ಮುಂಚೆಯೋ. ಸಿಗುತ್ತಿಲ್ಲ. ಅವಳಿಗೆ ಗೊತ್ತು. ಮೊದಲ ದಿನವೇ ಗೊತ್ತಿದ್ದಿರಬೇಕು.

ಹಾರ್ನ್. ಡಾಕ್ಟರ ಬಳಿ ಒಳಗೂ ಬಾ ಎಂದು ದಾರಿಯಲ್ಲಿ ಹೇಳ… ಬೇಡ, ದಾರಿಯವರೆಗೂ ಬೇಡ, ಕಾರಿನ ಬಾಗಿಲಲ್ಲೇ…