ಸುಳ್ಳು ಸೊನ್ನೆ

ವಾಮದಪದವು,
ಮಂಗಳವಾರ

ಗೌರವದ ನಿತ್ಯಾನಂದಣ್ಣನಿಗೆ,

ನೀವು ಕೇಳಿದ ಅಭಿನಂದನಾ ಪತ್ರ ಇದರ ಜೊತೆಗಿದೆ. ಬರುವ ಭಾನುವಾರ ಪಾಣೆಮಂಗಳೂರಿನ ಸಭಾಭವನದಲ್ಲಿ ನಿವೃತ್ತಿಯಾದ ನಿಮಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಇದನ್ನು ಗಟ್ಟಿಯಾಗಿ ಓದಿ ಚೌಕಟ್ಟು ಹಾಕಿಸಿ ಕೊಡುತ್ತಾರಂತೆ. ವಿಮಾನದ ಹ್ಯಾಂಗರಿನಲ್ಲಿ ಕೆಲಸ ಮಾಡಿದವರಲ್ಲಿ ಕನ್ನಡ ನೆಟ್ಟಗೆ ಬರೆಯುವವಳು ನಾನೊಬ್ಬಳೇ ಎಂದು ಅಲ್ಲಿ ನಮ್ಮ ಜೊತೆಗಿದ್ದ ಅಸ್ಕರ್ ಫೋನು ಮಾಡಿದ್ದ. ಮರುದಿನ ನೀವೇ ಮಾಡಿದಿರಿ. ಆರು ವರ್ಷಗಳ ಮೇಲೆ ನಿಮ್ಮ ದನಿ. ಊಟ ಆಯಿತಾ ಎಂದು ಕೇಳಿ, ಮುಂದಿನ ತಿಂಗಳು ಮಗಳ ಹತ್ತಿರ ದುಬೈಗೆ ಹೋಗುವುದನ್ನು ಹೇಳಿ, ಫೋನು ಇಡುವ ಮೊದಲು ಹೇಳಿದಿರಿ: “ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪೂ ಇಲ್ಲ ಅಂತ ಒಂದು ಸಾಲು ಇರಲಿ ಮಾರಾಯ್ತಿ. ನೀನು ಬರೆದರೆ ಅದಕ್ಕೊಂದು ತೂಕ ಉಂಟು.”

ಆ ತೂಕ ಎಲ್ಲಿಂದ ಬಂತು ಎಂಬುದು ನಮ್ಮಿಬ್ಬರಿಗೆ ಗೊತ್ತು.

ಉಳಿದ ಸಾಲುಗಳು ಕಷ್ಟವಾಗಲಿಲ್ಲ. ಕಲಿಸುವುದರಲ್ಲಿ ನಿಮ್ಮಂಥವರನ್ನು ನಾನು ಕಂಡಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ವಿಮಾನದ ಹೊಟ್ಟೆಯಡಿ ನಿಲ್ಲಿಸಿ, ನೆಲದಿಂದ ಎತ್ತರ ಅಳೆಯುವ ರೇಡಿಯೊ ಆಲ್ಟಿಮೀಟರಿನ ಚಪ್ಪಟೆ ಆಂಟೆನಾಗಳನ್ನು ತೋರಿಸಿ ಕೇಳಿದಿರಿ: “ನಿಮ್ಮಲ್ಲಿ ಬಾವಿ ಉಂಟಲ್ಲ? ಬಗ್ಗಿ ಸ್ವರ ಏರಿಸುತ್ತಾ ಹೋಗು. ತಿರುಗಿ ಬರುವುದು ನೀನು ಆಗ ಹಾಡಿದ್ದು. ಅಷ್ಟರಲ್ಲಿ ನೀನು ಮೇಲೆ ಹೋಗಿರುತ್ತಿ. ಆ ಎರಡು ಸ್ವರದ ನಡುವಿನ ಅಂತರವೇ ಆಳ.” ಒಂದು ಆಂಟೆನಾ ಏರುತ್ತಾ ಇಳಿಯುತ್ತಾ ಇರುವ ಅಲೆಯನ್ನು ನೆಲಕ್ಕೆ ಕಳಿಸುತ್ತದೆ, ಇನ್ನೊಂದು ಹಿಂದೆ ಬಂದದ್ದನ್ನು ಹಿಡಿಯುತ್ತದೆ, ವ್ಯತ್ಯಾಸ ಎತ್ತರವಾಗುತ್ತದೆ. ಮನೆಗೆ ಹೋಗಿ ಬಾವಿಗೆ ಬಗ್ಗಿ ಹಾಡಿದೆ. ಮಗಳಿಗೆ ಏನೋ ಬಡಿದಿದೆ ಎಂದು ಅಮ್ಮ ಮಂತ್ರಿಸಿದ ನೂಲು ತಂದು ಕಟ್ಟಿದರು. ನೀವು ಒಂದು ವಾರ ನಕ್ಕಿರಿ.

ಗಾಳಿಯ ಒತ್ತಡ ಅಳೆಯುವ ಮೀಟರಿಗೆ ಕೆಳಗಿರುವುದು ಕಣಿವೆಯೋ ಗುಡ್ಡವೋ ತಿಳಿಯದು, ಇದಕ್ಕೆ ತಿಳಿಯುತ್ತದೆ ಎಂದಿರಿ. ಇಳಿಯುವಾಗ ಕಾಕ್‌ಪಿಟ್ಟಿನಲ್ಲಿ ಐವತ್ತು, ನಲವತ್ತು, ಮೂವತ್ತು ಎಂದು ಕೂಗುವ ದನಿ ಇದರ ಮಾತನ್ನೇ ಕೂಗುತ್ತದೆ. ನೆಲ ಹತ್ತಿರ ಬಂತೆಂದು ಎಂಜಿನ್ನಿನ ಶಕ್ತಿಯನ್ನು ತಾನಾಗಿ ತಗ್ಗಿಸುವ ಯಂತ್ರವೂ ಇದನ್ನೇ ನಂಬುತ್ತದೆ. ನೀವು ಕಲಿಸಿದ್ದರಲ್ಲಿ ಇನ್ನೊಂದಿತ್ತು. ಆಂಟೆನಾದ ಕೇಬಲ್ಲಿಗೆ ನೀರು ಹೊಕ್ಕರೆ ಅಲೆ ನೆಲದವರೆಗೆ ಹೋಗದೆ ಹೊಟ್ಟೆಯೊಳಗೇ ಒಂದರಿಂದ ಇನ್ನೊಂದಕ್ಕೆ ಸೋರುತ್ತದೆ. ಆಗ ಆಕಾಶದಲ್ಲಿದ್ದರೂ ಮೀಟರು ಸೊನ್ನೆ ಎನ್ನುತ್ತದೆ. ನಿಂತ ವಿಮಾನದಲ್ಲಿ ಮಾತ್ರ ಆ ಸುಳ್ಳು ಸೊನ್ನೆ ನಿಜದ ಸೊನ್ನೆಯ ಹಾಗೆಯೇ ಕಾಣುತ್ತದೆ. ಅದಕ್ಕೇ ಬಿಚ್ಚಿ ನೋಡಬೇಕು. ಒಬ್ಬ ನೋಡಿದ ಮೇಲೆ ಇನ್ನೊಬ್ಬ ಬೇರೆಯಾಗಿ ನೋಡಿ ಸಹಿ ಹಾಕಬೇಕು.

ಆರು ವರ್ಷದ ಹಿಂದಿನ ಆ ಜೂನಿನಲ್ಲಿ, ಎಡಗಡೆಯ ಮೀಟರು ಮೇಲಿದ್ದಾಗಲೇ ಸೊನ್ನೆ ತೋರಿಸಿತು ಎಂದು ಪೈಲಟ್ ವಿಮಾನದ ದೋಷಗಳ ಪುಸ್ತಕದಲ್ಲಿ ಬರೆದು ಹೋದರು. ನೀವು ಕಾಕ್‌ಪಿಟ್ ಹತ್ತಿ ಸ್ವಿಚ್ ಹಾಕಿದಿರಿ. ಸೊನ್ನೆ. ವಿಮಾನ ನೆಲದ ಮೇಲಿತ್ತು, ಸೊನ್ನೆ ಸರಿಯಾಗಿಯೇ ಕಂಡಿತು. ಹೊರಡುವ ಹೊತ್ತಾಗಿತ್ತು. ಆಂಟೆನಾ ಬಿಚ್ಚಿ ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದಿರಿ. ನಾನು ಆಗ ಬೇರೊಂದು ವಿಮಾನದ ರೆಕ್ಕೆಯ ಮೇಲಿದ್ದೆ. ಎರಡನೆಯ ಸಹಿಯ ಜಾಗದಲ್ಲಿ ನನ್ನ ಹೆಸರನ್ನೂ ನೀವೇ ಬರೆದು, ಕೆಳಗೊಂದು ಗೆರೆ ಎಳೆದಿರಿ. ನನ್ನ ಸಹಿಗೆ ಗೆರೆ ಇಲ್ಲ.

ಎರಡು ದಿನ ಬಿಟ್ಟು, ನೂರ ಅರವತ್ತೆರಡು ಜನರನ್ನು ಹೊತ್ತ ಅದೇ ವಿಮಾನ ಇಳಿಯುತ್ತಿದ್ದಾಗ, ಸಾವಿರದ ಇನ್ನೂರು ಅಡಿಯಲ್ಲಿ ಮೀಟರು ಸೊನ್ನೆ ಎಂದಿತು. ಎಂಜಿನ್ನುಗಳು ಸುಮ್ಮನಾದವು. ಕ್ಯಾಪ್ಟನ್ ತಕ್ಷಣ ಕೈಯಿಂದ ಲಿವರ್ ದೂಡಿ ವಿಮಾನವನ್ನು ಮತ್ತೆ ಮೇಲಕ್ಕೆ ಒಯ್ದರು. ಯಾರಿಗೂ ಏನೂ ಆಗಲಿಲ್ಲ. ಈ ಮಾತನ್ನು ಆಮೇಲೆ ನೀವು ಎಷ್ಟು ಸಲ ಹೇಳಿದಿರಿ.

ವಿಚಾರಣೆಯ ಹಿಂದಿನ ಸಂಜೆ ನಿಮ್ಮ ಹೆಂಡತಿ ಪ್ರೇಮಾವತಿ ಅಕ್ಕನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದಿರಿ. ಅಕ್ಕ ಅಮ್ಮನ ಜೊತೆ ಒಳಗಿದ್ದರು. ನೀವು ಬಾವಿಕಟ್ಟೆಯ ಹತ್ತಿರ ನಿಂತು ಹೇಳಿದಿರಿ: “ನಿನಗೆ ವಯಸ್ಸುಂಟು, ಮತ್ತೆ ಎದ್ದು ನಿಲ್ತಿ. ನನಗೆ ನಿವೃತ್ತಿಗೆ ಇನ್ನು ಆರೇ ವರ್ಷ.” ಮರುದಿನ ವಿಚಾರಣೆಯವರು ಎರಡನೆಯ ಸಹಿಯನ್ನು ತೋರಿಸಿ, ಇದು ನಿನ್ನದೇ ಅಲ್ಲವೇ ಎಂದು ನನ್ನನ್ನು ಕೇಳಿದರು. ನಾನು ನಿಮ್ಮ ಮುಖ ನೋಡಿದೆ. ನೀವು ಗೋಡೆಯ ಗಡಿಯಾರ ನೋಡುತ್ತಿದ್ದಿರಿ. ಹೌದು ಎಂದೆ. ನೆಲದ ಮೇಲೆ ನಿಂತು ನಾನೂ ಒಂದು ಸುಳ್ಳು ಸೊನ್ನೆ ತೋರಿಸಿದೆ. ಅದಕ್ಕೆ ನೀವು ಕಾರಣರಲ್ಲ. ಆದರೆ ಇವಳನ್ನು ನಂಬಿ ಸಹಿ ಹಾಕಿದೆ, ಇವಳು ನೋಡಲೇ ಇಲ್ಲ ಎಂದು ಅಲ್ಲಿ ನೀವು ಹೇಳಿದ್ದಕ್ಕೆ ನಾನು ಕಾರಣಳಲ್ಲ. ನಿಮಗೊಂದು ಎಚ್ಚರಿಕೆಯ ಕಾಗದ ಬಂತು, ನನ್ನ ಪರವಾನಗಿ ಹೋಯಿತು.

ನಾನು ಮತ್ತೆ ಎದ್ದು ನಿಂತೆನೇ ಎಂದು ನೀವು ಈ ಆರು ವರ್ಷ ಕೇಳಲಿಲ್ಲ. ಮೂಡುಬಿದಿರೆಯ ಒಂದು ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿದ್ದೇನೆ. ಮಕ್ಕಳಿಗೆ ಬಾವಿಯ ಉದಾಹರಣೆಯನ್ನೇ ಹೇಳುತ್ತೇನೆ. ಯಾರು ಕಲಿಸಿದ್ದು ಎಂದು ಹೇಳುವುದಿಲ್ಲ. ವಿಮಾನದ ಆ ಹೊಟ್ಟೆಯಡಿ ಇನ್ನೊಮ್ಮೆ ನಿಲ್ಲುವುದು ನನಗಿಲ್ಲ.

ಅಭಿನಂದನಾ ಪತ್ರದಲ್ಲಿ ನೀವು ಕೇಳಿದ ಸಾಲಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನೀವೇ ತುಂಬಿಸಿ. ಕೆಳಗೆ ನನ್ನ ಸಹಿಯೂ ಇಲ್ಲ. ಅದನ್ನು ಹಾಕಲು ನಿಮಗೆ ಬರುತ್ತದೆ. ಈ ಸಲ ಗೆರೆ ಮಾತ್ರ ಎಳೆಯಬೇಡಿ.

ದುಬೈಗೆ ಸುಖವಾಗಿ ಹೋಗಿ ಬನ್ನಿ. ನೀವು ಹತ್ತುವ ವಿಮಾನವನ್ನು ಇಬ್ಬರು, ಬೇರೆಬೇರೆಯಾಗಿ, ನೋಡಿರಲಿ.

ನಿಮ್ಮಿಂದ ಕಲಿತವಳು,
ಸುರಕ್ಷಾ