ತೂಗುಸಂಕದ ಮೇಲೆ ಮೂವತ್ತು ಜನ

ಕೆರಾಡಿ,
೧೪ ಮೇ ೧೯೪೭

ಅಮ್ಮಾ,

ನಿನ್ನ ತುಂಗಾ ಮಾಡುವ ನಮಸ್ಕಾರ. ಅತ್ತೆ ತೀರಿಕೊಂಡ ಸುದ್ದಿ ಬಿಜೂರಿಗೆ ಮುಟ್ಟಿರಬೇಕು. ನನ್ನ ಕಾಲು ಜಾರಿತು ಎಂದೂ ಕೇಳಿರುತ್ತೀಯ. ನಡೆದದ್ದು ಬೇರೆ.

ಮೈದುನ ಚಂದ್ರನ ದಿಬ್ಬಣ ಮೊನ್ನೆ ಬೆಳಿಗ್ಗೆ ಹೊರಟಿತು. ಹೊಳೆ ದಾಟಲು ಮರದ ಕಂಟ್ರಾಕ್ಟರು ತಂತಿಗೆ ಹಲಗೆ ಜೋಡಿಸಿ ಕಟ್ಟಿಸಿದ ತೂಗುಸಂಕವಿದೆ. ದಡದಲ್ಲೇ ಡೋಲು ನಿಲ್ಲಿಸಿದರು. ಮೂವತ್ತು ಜನ ಒಬ್ಬರ ಹಿಂದೊಬ್ಬರು ಹತ್ತಿದೆವು. ನನ್ನ ಬೆನ್ನಿಗೆ ಅತ್ತೆ, ಅವರ ಹಿಂದೆ ಇವರು.

ನಡುವಿಗೆ ಬರುವಾಗ ಸಂಕ ಸ್ವಲ್ಪ ಎಡಕ್ಕೆ ವಾಲಿತು. ಬೀಳಬಾರದೆಂದು ಎಡಗಾಲು ಅಗಲಿಸಿ ಊರಿದೆ. ಎಲ್ಲರೂ ಹಾಗೇ ಊರಿದರು. ಆಮೇಲೆ ಬಲಕ್ಕೆ. ಒಂದೊಂದು ಹೆಜ್ಜೆಗೂ ತೂಗಾಟ ಹೆಚ್ಚಿತು. ತೂಗಾಟ ಹೆಚ್ಚಿದಷ್ಟೂ ಹೆಜ್ಜೆಗಳು ಕೂಡಿಕೊಂಡವು. ಕೊನೆಗೆ ಹಲಗೆಯ ಮೇಲೆ ಕೇಳುತ್ತಿದ್ದದ್ದು ಒಂದೇ ಕಾಲಿನ ಸದ್ದು, ಮೂವತ್ತು ಜನರ ಭಾರದ್ದು. ಯಾರೂ ಕೂಗಲಿಲ್ಲ. ಮುಂದಿನವರ ಹೆಗಲ ಮೇಲೆ ಮಲಗಿದ್ದ ಮಗುವಿನ ತಲೆಯೂ ಅದೇ ಲಯಕ್ಕೆ ತೂಗುತ್ತಿತ್ತು. ಅತ್ತೆ ಮೆಲ್ಲಗೆ, "ತುಂಗಾ, ಕಾಲ್ ನನ್ ಮಾತ್ ಕೇಂತಿಲ್ಲೆ" ಎಂದರು.

ನನ್ನ ಕಾಲೂ ಕೇಳುತ್ತಿರಲಿಲ್ಲ. ಬಲಗಡೆಯ ತಂತಿಯ ಒಂದು ಎಳೆ ಪಟ್ಟೆಂದು ಹರಿಯಿತು. ನಾನು ಕುಳಿತುಬಿಟ್ಟೆ. ಜಾರಲಿಲ್ಲ ಅಮ್ಮ, ಬೇಕೆಂದೇ ಕುಳಿತೆ. ಯಾರನ್ನೂ ಉಳಿಸಬೇಕೆಂದಲ್ಲ, ಆ ಹೆಜ್ಜೆಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ಅತ್ತೆ ನನ್ನನ್ನು ಎಡವಿ, ಕೈತಂತಿ ದಾಟಿ ಕೆಳಗಿನ ಬಂಡೆಗೆ ಬಿದ್ದರು. ಹಿಂದಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು, ಹೆಜ್ಜೆ ಮುರಿಯಿತು, ಸಂಕ ನಿಂತಿತು.

ಮನೆಗೆ ತಂದು ಮಲಗಿಸಿದಾಗ ಹೆಂಗಸರು ಸುತ್ತ ಕುಳಿತು ಅತ್ತರು. ಸ್ವಲ್ಪ ಹೊತ್ತಿಗೆ ಅವರ ಬಿಕ್ಕಳಿಕೆಗಳೆಲ್ಲ ಒಂದಾದವು, ಮೈಗಳು ಒಟ್ಟಿಗೇ ತೂಗತೊಡಗಿದವು. ನಾನು ಎದ್ದು ಹಿತ್ತಿಲಿಗೆ ಓಡಿದೆ. ಸೊಸೆಗೆ ಕಣ್ಣೀರಿಲ್ಲ ಎಂದು ಯಾರೋ ಅಂದರಂತೆ.

ಇವರಿಗೆ ನಿಜ ಹೇಳಲೋ ಬೇಡವೋ, ನೀನೇ ತಿಳಿಸು. ಹೆತ್ತ ತಾಯಿಯನ್ನು ಕಳೆದುಕೊಂಡವರು.

ನಿನ್ನ,
ತುಂಗಾ

ಆಮೇಲೆ ಸೇರಿಸಿದ್ದು: ಕಾಗದ ಮಡಿಸುವಾಗ ಇವರು ಒಳಗೆ ಬಂದರು. ತಡೆಯಲಾಗದೆ ಹೇಳಿಬಿಟ್ಟೆ. ಇವರು, "ಗೊತ್ತಿತ್ತ್ ತುಂಗಾ, ನಾ ಹಿಂದೇ ಇದ್ದಿದ್ದೆ. ಕಾಲ್ ಜಾರಿತ್ ಅಂತ ಎಲ್ರಿಗೂ ಮೊದ್ಲ್ ಹೇಳಿದ್ದ್ ನಾನೇ" ಎಂದರು. ಈಗ ಅಂಗಳದಲ್ಲಿ ಒಬ್ಬರೇ ಕುಳಿತಿದ್ದಾರೆ. ಹತ್ತಿರ ಹೋಗಲು ನನಗೆ ಧೈರ್ಯ ಸಾಲುತ್ತಿಲ್ಲ.