ಅತ್ತೆಯ ಪಾಲು

ಸುವಾ, ಹುಡುಗಿಯರ ಹಾಸ್ಟೆಲ್
೧೪ ಮೇ ೨೦೨೩

ಪ್ರೀತಿಯ ಅತ್ತೆಗೆ, ನಿಮ್ಮ ಪಿಸಿಲಾಳ ವಂದನೆಗಳು.

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಪರೀಕ್ಷೆ ಇತ್ತು ಅನ್ನಬಹುದು. ನಿಜವೆಂದರೆ ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ನಿಮ್ಮ ಕಣ್ಣು ಹೋಗಿ, ಈಗ ನನ್ನ ಕಾಗದವನ್ನು ಲೆಸಿಯೇಲಿ ಅಕ್ಕ ಓದಿ ಹೇಳಬೇಕಲ್ಲ ಎಂದು ನೆನೆದರೆ ಸಂಕಟ.

ನಾನು ಚೆನ್ನಾಗಿದ್ದೇನೆ. ಹನ್ನೊಂದನೇ ವಯಸ್ಸಿನಿಂದ ಹಾಸ್ಟೆಲೇ ಮನೆ. ಆದರೆ ಡಾಕ್ಟರಿಕೆಯ ಮೊದಲ ವರ್ಷ ಹೆದರಿಸುತ್ತದೆ. ಕೋಣೆಯ ಗೆಳತಿ ಸೆನಿಮಿಲಿ, "ಹಿಂಗೆ ನಡುಗ್ತಾ ಸೂಜಿ ಹಿಡಿದ್ರೆ ರೋಗಿ ಕಿಟಕಿ ಹಾರಿ ಓಡ್ತಾನೆ ಕಣೇ!" ಎಂದು ನಗುತ್ತಾಳೆ.

ಮೊನ್ನೆ ತರಗತಿಯಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ಒಳಗಿನ ಚಿತ್ರ ತೋರಿಸಿದರು. ಕೆಂಪು ಪರದೆಯ ನಟ್ಟನಡುವೆ ಹಳದಿ ಚುಕ್ಕೆಗಳು. "ರಕ್ತದಲ್ಲಿ ಕೊಬ್ಬು ಹೆಚ್ಚಿದ್ರೆ, ಸಕ್ಕರೆಯಿಂದ ಹಾಳಾದ ಸಣ್ಣ ನಾಳಗಳಿಂದ ಅದೂ ಜಿನುಗಿ ಹೀಗೆ ಗಟ್ಟಿಯಾಗತ್ತೆ. ಸಕ್ಕರೆ ಒಂದನ್ನೇ ಕಾಯ್ದರೆ ಸಾಲದು" ಎಂದರು ಮೇಷ್ಟರು. ನಾನು ಎದ್ದು ಹೊರಗೆ ಹೋದೆ.

ರಜೆಗೆ ಊರಿಗೆ ಬಂದಾಗ, ಭಾನುವಾರ ಚರ್ಚು ಮುಗಿದು ಗುಂಡಿಯಲ್ಲಿ ಮುಚ್ಚಿ ಬೇಯಿಸಿದ ನೆಲದೊಲೆ ತೆರೆದರೆ, ಕೆಸುವಿನೆಲೆಯ ಪೊಟ್ಟಣಗಳಲ್ಲಿ ಕುರಿಕೊಬ್ಬು ಹೆಚ್ಚಿರುವುದನ್ನೇ ಆರಿಸಿ ಅಪ್ಪ ನಿಮಗೆಂದು ನನ್ನ ಕೈಗಿಡುತ್ತಿದ್ದರು. "ಅಕ್ಕನ ಪಾಲು ಇದು. ಬಡಕಲು ತುಂಡು ಕೊಟ್ರೆ ತಮ್ಮನ ಮರ್ಯಾದೆ ಏನುಳೀತು?" ನೀವು ಬೆರಳು ನೆಕ್ಕುತ್ತ, "ಸಕ್ಕರೆ ಬಿಟ್ಟಿದೀನಲ್ಲ, ಇದನ್ನೂ ಬಿಟ್ರೆ ಬದುಕಿದೀನಿ ಅಂತ ಯಾರು ನಂಬ್ತಾರೆ!" ಅನ್ನುತ್ತಿದ್ದಿರಿ. ಸಕ್ಕರೆಯನ್ನು ನಿಜವಾಗಿಯೂ ಬಿಟ್ಟಿದ್ದಿರಿ. ಚಹಾಕ್ಕೂ ಹಾಕುತ್ತಿರಲಿಲ್ಲ.

ದೇವರು ನಿಮ್ಮನ್ನು ಕಾಯಲಿ. ಒಬ್ಬರೇ ಬಾವಿಯ ಕಡೆ ಹೋಗಬೇಡಿ.

ನಿಮ್ಮ ಸೋದರಸೊಸೆ,
ಪಿಸಿಲಾ

ಇನ್ನೊಂದು ಮಾತು: ಲೆಸಿಯೇಲಿ ಅಕ್ಕಾ, ಇದನ್ನು ನುಂಗಬೇಡ, ಗಟ್ಟಿಯಾಗಿ ಓದು. ಅತ್ತೆ, ಎರಡು ವರ್ಷದ ಹಿಂದೆ ಹೊರದೇಶದ ಕಣ್ಣಿನ ಡಾಕ್ಟರು ಬಂದಾಗ, ಅವರ ಮಾತನ್ನು ನಮ್ಮ ಮಾತಿನಲ್ಲಿ ಹೇಳಲು ನನ್ನನ್ನು ಕರೆದೊಯ್ದಿರಿ. "ನಮ್ಮ ಹುಡುಗಿಗೆ ತಾಯಿ ಕಡೆಯಿಂದ ಅರ್ಧ ಇಂಗ್ಲಿಷು" ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿದಿರಿ. ಡಾಕ್ಟರು ಎರಡು ಮಾತು ಹೇಳಿದ್ದರು: ಒಂದು, ಸಕ್ಕರೆ ಇಳಿಸಲಿ; ಎರಡು, ರಕ್ತದಲ್ಲಿ ಕೊಬ್ಬು ವಿಪರೀತ ಇದೆ, ಕುರಿಕೊಬ್ಬು ಬಿಟ್ಟು ಕೊಬ್ಬಿಳಿಸುವ ಮಾತ್ರೆಗೆ ತಿಂಗಳೊಳಗೆ ಬರಲಿ. ನಾನು ಮೊದಲನೆಯದಷ್ಟೇ ಹೇಳಿದೆ. ಅತ್ತೆಯ ಪಾಲನ್ನು ಅತ್ತೆಯ ಬಾಯಿಂದ ಕಸಿಯುವ ಮಾತು ಸೊಸೆಯ ನಾಲಿಗೆಯಲ್ಲಿ ಬರಬಾರದು ಅನ್ನಿಸಿತು.

ನೀವು ನನ್ನ ಭುಜ ತಟ್ಟಿ, "ಎಲ್ಲಾ ಅರ್ಥ ಆಯ್ತು ಅಂತ ಡಾಕ್ಟರಿಗೆ ಹೇಳು ಮಗಾ" ಎಂದಿರಿ.

ಹೇಳಿಬಿಟ್ಟೆ.